ಬಾದಾಮಿ ಹೊಂಡದ ರಾಜಕುಮಾರಿ

೧೯೭೮ನೆಯ ಇಸವಿ. ದೀಪಾವಳಿ ಸೂಟಿ ಮುಗಿದು ಶಾಲೆಗಳು ಮತ್ತೆ ಶುರುವಾಗಿದ್ದವು. ಆಗ ನಾನು ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ವಯಸ್ಸು ಮೂವತ್ತೊಂದು. ಬಿ.ಎಡ್. ಮುಗಿಸಿ ಬಂದು ನಾಲ್ಕು ವರ್ಷವಾಗಿದ್ದರೂ ಅಲ್ಲಿ ಕಲಿಸಿದ್ದ ‘ದೃಶ್ಯ-ಶ್ರವಣ ಸಾಧನ’ಗಳ ಹುಚ್ಚು ಇಳಿದಿರಲಿಲ್ಲ. ನಮ್ಮ ಶಾಲೆಯಲ್ಲಿದ್ದ ದೃಶ್ಯ ಸಾಧನವೆಂದರೆ ಮೂಲೆ ಹರಿದ ಭಾರತದ ನಕಾಶೆ. ಶ್ರವಣ ಸಾಧನ ನನ್ನ ಗಂಟಲು.

ಚಾಲುಕ್ಯರ ಪಾಠ ಎಂದರೆ ಮಕ್ಕಳು ಆಕಳಿಸುತ್ತಿದ್ದರು. ಬಸ್ಸು ಹತ್ತಿದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಎಲ್ಲ ಹತ್ತಿರವೇ. ಆದರೂ ಅವರಿಗೆ ಚಾಲುಕ್ಯರೂ ಒಂದೇ, ಚೀನಾ ದೇಶದವರೂ ಒಂದೇ. ನನಗೆ ಸಿಟ್ಟು ಬರುತ್ತಿತ್ತು. ಅದೇ ಹೊತ್ತಿಗೆ ನಮ್ಮೂರಿನ ಟಾಕೀಜಿಗೆ ಚಾಲುಕ್ಯರ ಕಾಲದ ಕಥೆ ಇರುವ ಒಂದು ಚಿತ್ರ ಬಂತು. ಅದರ ಹೆಸರು ಇಲ್ಲಿ ಬೇಡ. ನಾನು ಮೊದಲ ದಿನವೇ ಹೋಗಿ ನೋಡಿ ಬಂದೆ.

ಪಲ್ಲವರು ಬಾದಾಮಿಯನ್ನು ಗೆದ್ದು ಹದಿಮೂರು ವರ್ಷ ತಮ್ಮ ವಶದಲ್ಲಿಟ್ಟುಕೊಂಡಿದ್ದರು. ಆಮೇಲೆ ಚಾಲುಕ್ಯರ ವಿಕ್ರಮಾದಿತ್ಯ, ತನ್ನ ತಾಯಿಯ ತಂದೆಯಾದ ಗಂಗರ ಅರಸನ ನೆರವಿನಿಂದ ಅದನ್ನು ಮರಳಿ ಪಡೆದ. ಪಠ್ಯಪುಸ್ತಕದಲ್ಲಿ ಇದ್ದದ್ದು ಇಷ್ಟೇ, ಅರ್ಧ ಪುಟ. ಸಿನೆಮಾದಲ್ಲಿ ಅವನಿಗೊಬ್ಬಳು ತಂಗಿ. ಅವಳು ಹೂ ಮಾರುವವಳ ವೇಷ ಹಾಕಿಕೊಂಡು ವೈರಿಗಳ ಪಾಳೆಯಕ್ಕೆ ಹೋಗುತ್ತಾಳೆ, ಒಂದು ಕೆರೆಯನ್ನು ಈಜಿ ದಾಟಿ ಕೋಟೆಯ ಗುಟ್ಟು ತರುತ್ತಾಳೆ. ಗಂಗರ ಅಜ್ಜನ ಸುದ್ದಿಯೇ ಇಲ್ಲ. ಇಂಥ ತಂಗಿ ಯಾವ ಶಾಸನದಲ್ಲೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮುಂದಿನದೆಲ್ಲ ಮಾಡಿದೆ.

ನನ್ನ ಯೋಜನೆ ಒಳ್ಳೆಯದೇ ಇತ್ತು ಎಂದು ಈಗಲೂ ಹೇಳುತ್ತೇನೆ. ಮೊದಲು ಸಿನೆಮಾ, ಆಮೇಲೆ ಬಾದಾಮಿಗೆ ಒಂದು ದಿನದ ಪ್ರವಾಸ, ಕೊನೆಗೆ ತರಗತಿಯಲ್ಲಿ ಸಿನೆಮಾದಲ್ಲಿ ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಮಕ್ಕಳಿಂದಲೇ ಹೇಳಿಸುವುದು. ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತೆ.

“ಸಿನೆಮಾ ತೋರಸ್ತೀರಿ? ಪಾಲಕರು ಬಂದು ನನ್ನ ಹರದ ತಿಂತಾರ್ರಿ,” ಎಂದರು ಅವರು.

“ಪಾಲಕರನ್ನ ನನಗ ಬಿಡ್ರಿ ಸರ,” ಎಂದೆ.

ಹುಡುಗರ ಪಾಲಕರು ಯಾರೂ ತಕರಾರು ಮಾಡಲಿಲ್ಲ. ತೊಡಕಾದದ್ದು ನೇಕಾರ ಓಣಿಯ ಹುಡುಗಿಯರದು. ಆ ಓಣಿಯಿಂದ ನಮ್ಮ ಹೈಸ್ಕೂಲಿಗೆ ಐದು ಹುಡುಗಿಯರು ಬರುತ್ತಿದ್ದರು. ನಾಲ್ವರು ಎಂಟು, ಒಂಬತ್ತರಲ್ಲಿ. ಹತ್ತನೆಯದರಲ್ಲಿ ಒಬ್ಬಳೇ, ನೀಲವ್ವ. ಓಣಿಯಲ್ಲಿ ಹತ್ತರವರೆಗೆ ಬಂದ ಮೊದಲ ಹುಡುಗಿ ಅವಳು. ಪಾಸಾಗಿ ಟಿ.ಸಿ.ಎಚ್. ತರಬೇತಿ ಮಾಡಿ ಶಾಲೆಯ ಅಕ್ಕೋರು, ಅಂದರೆ ಶಿಕ್ಷಕಿ, ಆಗಬೇಕೆಂದು ಅವಳ ಆಸೆ. ಅವಳಪ್ಪ ಸಂಗಪ್ಪ ಸೀರೆ ನೇಯುವವನು. ಅವನದು ಒಂದೇ ಕರಾರು: ಒಂದೇ ಸಲ ಪರೀಕ್ಷೆ. ಪಾಸಾದರೆ ಮುಂದೆ ಓದು, ಇಲ್ಲದಿದ್ದರೆ ಮಗ್ಗ. ಇದನ್ನು ಅವನು ನನಗೂ ಹೇಳಿದ್ದ.

ನಾನು ಸಂಜೆ ಅವರ ಮನೆಗೆ ಹೋದೆ. ಸಂಗಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವನು ಎದ್ದು ಬಂದ. ನೀಲವ್ವ ರಾಟಿಯ ಮುಂದೆ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಸರ, ತಪ್ಪ ತಿಳ್ಕೋಬ್ಯಾಡ್ರಿ. ಸಾಲಿಗೆ ಕಳಸ್ತೇನಿ, ಟಾಕೀಜಿಗೆ ಕಳಸೂದಿಲ್ಲ. ಓಣಿ ಮಂದಿ ಏನಂದಾರು?”

“ಸಂಗಪ್ಪಾ, ಅದು ಸಿನೆಮಾ ಅಲ್ಲ, ಪಾಠ. ಪುಸ್ತಕದಾಗ ಇದ್ದದ್ದನ್ನ ಕಣ್ಣಿಗೆ ಕಾಣೂಹಂಗ ಮಾಡ್ಯಾರ, ಅಷ್ಟ.”

“ಅದರಾಗ ಹಾಡು ಕುಣಿತ ಇರೂದಿಲ್ಲೇನ್ರಿ?”

“ಒಂದೆರಡ ಇರ್ತಾವ. ಕಥಿ ಮಾತ್ರ ಎಲ್ಲಾ ಖರೆ ಆದದ್ದ.”

“ಎಲ್ಲಾ ಖರೆ?”

“ಎಲ್ಲಾ ಖರೆ. ನನ್ನ ಮಾತಿನ ಮ್ಯಾಲ ಕಳಸು.”

“ಮಾಸ್ತರ ಹೇಳಿದ ಮ್ಯಾಲ ಮುಗೀತು ಬಿಡ್ರಿ,” ಎಂದ ಅವನು. ಉಳಿದ ನಾಲ್ಕು ಮನೆಗಳಿಗೆ ನಾನು ಹೋಗುವ ಪ್ರಸಂಗವೇ ಬರಲಿಲ್ಲ. ಸಂಗಪ್ಪನೇ ಹೋಗಿ, ಮಾಸ್ತರು ಹೀಗೆ ಹೇಳಿದ್ದಾರೆ, ಎಲ್ಲ ಖರೆ ಕಥೆಯಂತೆ ಎಂದು ಒಪ್ಪಿಸಿ ಬಂದ.

ಮುಂಜಾನೆಯ ವಿಶೇಷ ಆಟಕ್ಕೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದೆವು. ನೀಲವ್ವ ಅಲ್ಲಿಯವರೆಗೆ ಸಿನೆಮಾ ನೋಡಿರಲಿಲ್ಲ. ರಾಜಕುಮಾರಿ ನೀರಿಗೆ ಧುಮುಕಿದಾಗ ಇಡೀ ಟಾಕೀಜು ಉಸಿರು ಬಿಗಿಹಿಡಿದಿತ್ತು. ಮರುದಿನ ತರಗತಿಗೆ ಹೋದರೆ ಯಾರೂ ಆಕಳಿಸಲಿಲ್ಲ. ಕೈ ಎತ್ತಿದರು, ಒಬ್ಬರ ಮೇಲೊಬ್ಬರು ಬಿದ್ದು ಪ್ರಶ್ನೆ ಕೇಳಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ನಿಜವಾಗಿ ಮಾಸ್ತರನಾದೆ ಎನ್ನಿಸಿತು. ಹಿಗ್ಗಿ ಹೀರೇಕಾಯಿಯಾದೆ.

ಹದಿನೈದು ದಿನ ಬಿಟ್ಟು ಬಾದಾಮಿಗೆ ಹೋದೆವು. ಬಂಡೆಯ ಮೇಲೆ ಪಲ್ಲವರು ತಾವು ಗೆದ್ದದ್ದನ್ನು ಕೊರೆಸಿದ ಶಾಸನವಿದೆ. ಅದನ್ನು ತೋರಿಸಬೇಕು, ಇತಿಹಾಸ ಬರೆಯುವುದು ಇಂಥದ್ದರಿಂದ ಎಂದು ಹೇಳಬೇಕು ಎಂದು ನನ್ನ ಆಸೆ. ಸವೆದ ಅಕ್ಷರಗಳ ಮುಂದೆ ಮಕ್ಕಳು ಎರಡು ನಿಮಿಷವೂ ನಿಲ್ಲಲಿಲ್ಲ. “ಸರ, ಆ ಹೊಂಡ ಯಾವುದ್ರಿ? ಆಕಿ ಈಜಿದ್ದ ಹೊಂಡ?” ಎಂದು ಜಗ್ಗಾಡಿದರು. ಅಗಸ್ತ್ಯತೀರ್ಥ ಎಂಬ ಹೊಂಡದ ದಂಡೆಗೆ ಬಂದೆವು. ಹೆಂಗಸರು ಮೆಟ್ಟಿಲ ಮೇಲೆ ಅರಿವೆ ಒಗೆಯುತ್ತಿದ್ದರು. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಭೂತನಾಥನ ಗುಡಿಯ ಕಡೆ ಕೈ ಮಾಡಿ, “ಅಲ್ಲೇ ನೋಡ್ರಿ, ಆ ಮೆಟ್ಟಲದಿಂದನ ಆಕಿ ನೀರಿಗೆ ಇಳದದ್ದು,” ಎಂದುಬಿಟ್ಟೆ.

ಸಿನೆಮಾದಲ್ಲಿ ಆ ಕೆರೆ ಬಾದಾಮಿಯದೆಂದು ಹೇಳಿರಲೇ ಇಲ್ಲ. ಅದು ನನ್ನ ಸ್ವಂತದ್ದು.

ಎಲ್ಲರೂ ಓ ಎಂದು ಬೆರಗಾದರು. ನೀಲವ್ವ ಮಾತ್ರ ಹಿಂದಿನ ಸಾಲಿನಿಂದ ಕೇಳಿದಳು: “ಸರ, ಆಕಿ ಕಾಲಾಗ ಗೆಜ್ಜಿ ಇದ್ವಲ್ರಿ. ಸಪ್ಪಳಾದ್ರ ಕಾವಲದವರಿಗೆ ಗೊತ್ತಾಗೂದಿಲ್ಲೇನ್ರಿ?”

ಎಂಥ ಪ್ರಶ್ನೆ! ಸಿನೆಮಾ ಮಾಡಿದವರಿಗೇ ಹೊಳೆಯದ ಪ್ರಶ್ನೆ. ಅಲ್ಲಿಯೇ ಅವಳ ಬೆನ್ನು ತಟ್ಟಿ, ನಿನ್ನ ಸಂಶಯ ಸರಿ, ಇದು ಕಟ್ಟುಕಥೆ ಎನ್ನಬೇಕಿತ್ತು. ನಾನು, “ಶಾಣ್ಯಾಕಿ ಅದಿ. ಅದಕ್ಕ ಆಕಿ ಗೆಜ್ಜಿ ಬಿಚ್ಚಿ ಮೆಟ್ಟಲ ಮ್ಯಾಲ ಇಟ್ಟು ಇಳದ್ಲು,” ಎಂದೆ.

“ಪುಸ್ತಕದಾಗ ಆಕಿ ಹೆಸರ ಇಲ್ಲಲ್ರಿ?”

“ಪುಸ್ತಕ ಸಣ್ಣದವ್ವ. ಎಲ್ಲಾ ಹಿಡಸೂದಿಲ್ಲ.”

ಅವಳು ತಲೆಯಾಡಿಸಿ ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಇನ್ನು ಉಳಿದದ್ದು ಕೊನೆಯ ಪಾಠ, ನಿಜ ಯಾವುದು ಸುಳ್ಳು ಯಾವುದು ಎನ್ನುವುದು. ಅದನ್ನು ಎರಡು ಸಲ ಶುರು ಮಾಡಲು ಹೋದೆ. ಎರಡು ಸಲವೂ ನಾಲಿಗೆ ಏಳಲಿಲ್ಲ. ಎಲ್ಲ ಖರೆ ಎಂದು ಓಣಿಗೆ ಮಾತು ಕೊಟ್ಟಿದ್ದೆನಲ್ಲ! ತಂಗಿಯ ಕಥೆ ಕಟ್ಟಿದ್ದು ಎಂದರೆ ಈ ಐದು ಹುಡುಗಿಯರು ಸಂಜೆಯೇ ಮನೆಯಲ್ಲಿ ಹೇಳುತ್ತಾರೆ. ಮಾಸ್ತರು ಸುಳ್ಳು ಹೇಳಿ ನಮ್ಮ ಮಕ್ಕಳನ್ನು ಟಾಕೀಜಿಗೆ ಒಯ್ದರು ಎಂದು ಸಂಗಪ್ಪನ ಮುಂದೆ ಮಾನ ಹೋಗುತ್ತದೆ. ಪರೀಕ್ಷೆ ಹತ್ತಿರ ಬರಲಿ, ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಭೂಗೋಳ ಉಳಿದಿತ್ತು, ಪೌರನೀತಿ ಉಳಿದಿತ್ತು. ಪರೀಕ್ಷೆ ಬಂದೇ ಬಿಟ್ಟಿತು.

ಏಪ್ರಿಲ್‌ನಲ್ಲಿ ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ನನ್ನನ್ನು ಕರೆಸಿದರು. ದೊಡ್ಡ ಹಾಲು, ಉದ್ದುದ್ದ ಮೇಜುಗಳು, ಬೇರೆ ಬೇರೆ ಕಡೆಯ ಮಾಸ್ತರರು. ಯಾರ ಪತ್ರಿಕೆ, ಯಾವ ಊರಿನದು ಎಂದು ನಮಗೆ ತಿಳಿಯದಂತೆ ಕಟ್ಟುಗಳನ್ನು ಕೊಡುತ್ತಿದ್ದರು. ಬಿಸಿಲೆಂದರೆ ಬಿಸಿಲು. ಅಲ್ಲಿ ಒಂದು ರೂಢಿಯಿತ್ತು. ಚಹಾದ ಹೊತ್ತಿಗೆ ಯಾರಿಗಾದರೂ ಮೋಜಿನ ಉತ್ತರ ಸಿಕ್ಕಿದ್ದರೆ ಎದ್ದು ನಿಂತು ಎಲ್ಲರಿಗೂ ಓದಿ ಹೇಳುವುದು. ಎರಡನೆಯ ದಿನ ನಾನೇ ಒಂದನ್ನು ನಾಟಕದವರಂತೆ ಓದಿ ಹಾಲನ್ನೆಲ್ಲ ನಗಿಸಿದ್ದೆ.

ಮೂರನೆಯ ದಿನ ಪಕ್ಕದ ಮೇಜಿನ ಒಬ್ಬ ಹಿರಿಯ ಮಾಸ್ತರರು ಎದ್ದರು. ಕೈಯಲ್ಲೊಂದು ಪತ್ರಿಕೆ. ಚಾಲುಕ್ಯರು ಬಾದಾಮಿಯನ್ನು ಪಲ್ಲವರಿಂದ ಮರಳಿ ಪಡೆದದ್ದನ್ನು ವಿವರಿಸಿ ಎಂಬುದು ಪ್ರಶ್ನೆ.

“ಕೇಳ್ರಪಾ ಇಲ್ಲೆ, ನಮಗ ಯಾರಿಗೂ ಗೊತ್ತಿಲ್ಲದ ಇತಿಹಾಸ ಐತಿ,” ಎಂದು ಶುರು ಮಾಡಿದರು. ಮೊದಲಿನ ಭಾಗ ಸರಿಯಾಗಿಯೇ ಇತ್ತು. ಪಲ್ಲವರು ಗೆದ್ದದ್ದು, ಹದಿಮೂರು ವರ್ಷ ಆಳಿದ್ದು, ವಿಕ್ರಮಾದಿತ್ಯನ ಹೆಸರು. ಅದನ್ನವರು ಗಡಿಬಿಡಿಯಲ್ಲಿ ಓದಿ ಮುಂದೆ ಹೋದರು. ಆಮೇಲೆ ತಂಗಿ ಬಂದಳು. ಹಾಲಿನಲ್ಲಿ ನಗು ಶುರುವಾಯಿತು. ಸಿನೆಮಾ ಎಲ್ಲ ಊರುಗಳಿಗೂ ಬಂದಿತ್ತು. ಯಾವುದೋ ಊರಿನ ಹುಡುಗ ಅದನ್ನು ನೋಡಿ ಬರೆದಿದ್ದಾನೆ ಎಂದು ನಾನೂ ನಗುತ್ತಿದ್ದೆ.

“‘ರಾಜಕುಮಾರಿಯು ಭೂತನಾಥ ಗುಡಿಯ ಬಳಿ ತನ್ನ ಕಾಲಗೆಜ್ಜೆಗಳನ್ನು ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟು ಹೊಂಡಕ್ಕೆ ಇಳಿದಳು. ಏಕೆಂದರೆ ಸಪ್ಪಳವಾದರೆ ಕಾವಲುಗಾರರಿಗೆ ತಿಳಿಯುತ್ತಿತ್ತು.’”

ನನ್ನ ನಗು ಅಲ್ಲಿಗೇ ನಿಂತಿತು. ಇದು ಸಿನೆಮಾದಲ್ಲಿ ಇಲ್ಲ. ನಾನು ಹೊಂಡದ ದಂಡೆಯಲ್ಲಿ ನಿಂತು ಒಬ್ಬಳ ಪ್ರಶ್ನೆಗೆ ಕೊಟ್ಟ ಉತ್ತರ. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದವಳು ನೀಲವ್ವ ಒಬ್ಬಳೇ.

“ಇಂಟರ್‌ವಲ್ ಎಲ್ಲಿ ಅಂತ ಬರದಿಲ್ಲೇನ್ರಿ?” ಎಂದು ಯಾರೋ ಕೂಗಿದರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದವರು ನನ್ನ ತೊಡೆ ತಟ್ಟಿದರು. ನಾನೊಬ್ಬ ನಗದಿದ್ದರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಹೆದರಿ, ನಾನು ಮೊದಲಿಗಿಂತ ಜೋರಾಗಿ ನಕ್ಕೆ.

“ಎಷ್ಟ ಕೊಡೂಣ ಇದಕ್ಕ?” ಎಂದು ಅವರು ಸುತ್ತ ನೋಡಿದರು. ಅದು ಹತ್ತು ಅಂಕದ ಪ್ರಶ್ನೆ.

“ಸೊನ್ನಿ ಹಾಕ್ರಿ. ಟಾಕೀಜಿಗೆ ಹೋಗಿ ತಗೋಳ್ಳಿ ಮಾರ್ಕ್ಸು,” ಎಂದರು ಇನ್ನೊಬ್ಬರು.

ಆಗ ನಾನು ಒಂದು ಮಾತು ಆಡಬಹುದಿತ್ತು. ಮೊದಲ ಭಾಗ ಸರಿಯಿದೆಯಲ್ರಿ, ಅದಕ್ಕಾದರೂ ನಾಲ್ಕು ಕೊಡ್ರಿ ಎಂದರೆ ಸಾಕಿತ್ತು. ನನ್ನ ವಿದ್ಯಾರ್ಥಿನಿ ಎಂದು ಹೇಳುವ ಅಗತ್ಯವೂ ಇರಲಿಲ್ಲ. ಅವರು ಕೆಟ್ಟವರಲ್ಲ, ಕೊಡುತ್ತಿದ್ದರು. ನಾನು ಚಹಾದ ಕಪ್ಪಿನಲ್ಲಿ ಮುಖ ಇಟ್ಟೆ. ಅವರು ಕುಳಿತು ಕೆಂಪು ಪೆನ್ನಿನಿಂದ ಗೆರೆ ಎಳೆದರು. ಗಂಟೆ ಹೊಡೆಯಿತು, ಎಲ್ಲರೂ ತಮ್ಮ ಕಟ್ಟುಗಳಿಗೆ ಹಿಂತಿರುಗಿದರು.

ಫಲಿತಾಂಶ ಬಂದಾಗ ನೀಲವ್ವನ ನಂಬರು ಇರಲಿಲ್ಲ. ಬೇರೆ ಎಲ್ಲ ವಿಷಯಗಳಲ್ಲಿ ಪಾಸು. ಸಮಾಜ ವಿಜ್ಞಾನದಲ್ಲಿ ಮೂವತ್ತೆರಡು, ಬೇಕಾದದ್ದು ಮೂವತ್ತೈದು. ಭೂಗೋಳದಲ್ಲಿ ಅವಳು ಮೊದಲಿನಿಂದಲೂ ಹಿಂದೆ. ಇತಿಹಾಸವೇ ಅವಳ ಕೈ ಹಿಡಿಯಬೇಕಿತ್ತು.

ಶಾಲೆಯಲ್ಲಿ ಅಂಕಪಟ್ಟಿ ಕೊಡುವ ದಿನ ನಾನು ಜ್ವರವೆಂದು ರಜೆ ಹಾಕಿದೆ. ಅಕ್ಟೋಬರ್ ಪರೀಕ್ಷೆಗೆ ಅರ್ಜಿ ತುಂಬಿಸಲು ಸಂಗಪ್ಪನನ್ನು ಒಪ್ಪಿಸಬೇಕು, ತಪ್ಪು ನನ್ನದು ಎಂದು ಹೇಳಿದರೆ ಮಾತ್ರ ಅವನು ಒಪ್ಪುತ್ತಾನೆ ಎಂದು ದಿನಾಲೂ ಅಂದುಕೊಳ್ಳುತ್ತಿದ್ದೆ. ದಿನಾಲೂ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಒಳಗಿನಿಂದ ಮಗ್ಗಗಳ ಸಪ್ಪಳ ಕೇಳಿಸುತ್ತಿತ್ತು. ಯಾವುದು ಅವಳ ಮಗ್ಗವೋ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ.

ಜೂನ್ ಮುಗಿಯುವ ಹೊತ್ತಿಗೆ ಇನ್ನೊಂದು ಸುದ್ದಿ. ಆ ಓಣಿಯ ಉಳಿದ ನಾಲ್ಕು ಹುಡುಗಿಯರೂ ಶಾಲೆಗೆ ಬಂದಿರಲಿಲ್ಲ. ಹೆಡ್‌ಮಾಸ್ತರರು ನನ್ನನ್ನು ಕರೆದು, “ಆ ಓಣಿಯವರು ನಿಮ್ಮ ಮಾತ ಕೇಳ್ತಾರ. ಒಂದೀಟು ಹೋಗಿ ಬರ್ರಿ,” ಎಂದರು. ಅದಕ್ಕೂ ನಾನು ಮೂರು ವಾರ ಏನೇನೋ ನೆವ ಹೇಳಿದೆ. ಕೊನೆಗೆ ಅವರು ಸಿಟ್ಟಾದ ಮೇಲೆ ಹೋದೆ.

ಸಂಗಪ್ಪ ಕಟ್ಟೆಯ ಮೇಲೆ ಕುಳಿತು ಎಳೆ ಬಿಡಿಸುತ್ತಿದ್ದ. ಮಗ್ಗದ ಕುಣಿಯಲ್ಲಿ ನೀಲವ್ವ ಕೂತಿದ್ದಳು. ನನ್ನನ್ನು ನೋಡಿ ಲಾಳಿ ನಿಲ್ಲಿಸಿ, ಎದ್ದು ಬಂದು ನೀರು ಕೊಟ್ಟಳು. “ಆರಾಮ ಅದೀರೇನ್ರಿ ಸರ? ಜ್ವರ ಬಂದಿತ್ತಂತ,” ಎಂದಳು.

“ಆಕಿ ಫೇಲಾದ್ದಕ್ಕ ನನಗ ಸಿಟ್ಟಿಲ್ರಿ ಸರ,” ಎಂದ ಸಂಗಪ್ಪ. “ಓಣ್ಯಾಗ ಎಲ್ಲಾರ ಮನಿಗೂ ನಾನ ಹೋಗಿ ಹೇಳ್ತಿದ್ನಿ, ನಿಮ್ಮ ಹುಡಿಗ್ಯಾರ್ನೂ ಓದಸ್ರಿ ಅಂತ. ಈಗ ಅವರು, ನಿನ್ನ ಮಗಳ ಪಾಸಾಗ್ಲಿಲ್ಲ, ನಮ್ಮವು ಏನ ಮಾಡ್ಯಾವು ಅಂತಾರ. ಯಾ ಮುಖಾ ಇಟಗೊಂಡ ಮಾತಾಡ್ಲಿ ನಾ?”

ಇನ್ನು ತಡೆಯಲಾಗಲಿಲ್ಲ. “ತಪ್ಪ ಆಕಿದಲ್ಲ ಸಂಗಪ್ಪಾ. ನಂದು,” ಎಂದೆ. ತಂಗಿಯ ಕಥೆ ಸುಳ್ಳೆಂದು ಮೊದಲೇ ಗೊತ್ತಿತ್ತು ಎಂದು ಹೇಳಿದೆ. ಹೊಂಡದ ದಂಡೆಯ ಮೇಲೆ ನಾನೇ ಗೆಜ್ಜೆಯ ಮಾತು ಕಟ್ಟಿದೆ, ಅದನ್ನೇ ಅವಳು ಬರೆದಳು, ಅದಕ್ಕೆ ಸೊನ್ನೆ ಬಿತ್ತು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಬಯ್ಯಲಿ, ಅಂಗಿ ಹಿಡಿದು ಹೊರಗೆ ನೂಕಲಿ ಎಂದು ಕಾಯುತ್ತ ಕುಳಿತೆ.

ಸಂಗಪ್ಪ ಬಯ್ಯಲಿಲ್ಲ. “ಅಂದ್ರ ಹುಡಿಗಿ ದಡ್ಡಿ ಅಲ್ಲ,” ಎಂದ ಮೆಲ್ಲಗೆ.

“ದಡ್ಡಿ ಅಲ್ಲ. ವರ್ಗದಾಗ ಆಕಿಯಷ್ಟ ಶಾಣ್ಯಾರು ಯಾರೂ ಇಲ್ಲ. ಅಕ್ಟೋಬರದ ಅರ್ಜಿ ತುಂಬೂ ದಿನ ಹೋದ ವಾರ ಮುಗೀತು. ಅದೂ ನನ್ನ ತಪ್ಪ. ಬರೋ ಮಾರ್ಚಿಗೆ ಕೂಡಸು. ನಾ ದಿನಾ ಬಂದು ಹೇಳಿ ಕೊಡ್ತೇನಿ.”

ಅವನು ಮಗಳ ಕಡೆ ನೋಡಿದ. “ಒಂದ ಸಲ ಅಂದಿದ್ನಿ ಖರೆ. ಆದ್ರ ಹಿಂಗ ಆಗೇತಿ ಅಂದಮ್ಯಾಲ... ಕೂಡ್ತೀಯೇನವ್ವ ಮಾರ್ಚಿಗೆ?”

ಅವನು ಒಪ್ಪಿದ್ದ! ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೀಲವ್ವ ಕಂಬ ಹಿಡಿದು ನಿಂತಿದ್ದಳು. ಅಪ್ಪನ ಕಡೆಯಿಂದ ತಿರುಗಿ ನನ್ನನ್ನು ಕೇಳಿದಳು.

“ನಾ ಗೆಜ್ಜಿದು ಬರದದ್ದು ನಿಮಗ ಹೆಂಗ ಗೊತ್ತಾತ್ರಿ ಸರ?”

ಪತ್ರಿಕೆ ತಿದ್ದುವಲ್ಲಿ ಓದಿದರು, ಕೇಳಿದೆ ಎಂದೆ.

“ಎಲ್ಲಾರ ಮುಂದ ಓದಿದ್ರೇನ್ರಿ?”

“ಹೂಂ.”

“ನಕ್ರೇನ್ರಿ ಎಲ್ಲಾರೂ?”

“ನಕ್ರು.”

“ನೀವೂ ನಕ್ರೇನ್ರಿ?”

ಸುಳ್ಳು ಹೇಳಬಹುದಿತ್ತು. ಅವಳ ಪಾಲಿಗೆ ಅದೇ ಒಳ್ಳೆಯದಿತ್ತೋ ಏನೋ. ಅಷ್ಟು ಸುಳ್ಳು ಹೇಳಿದವನು ಅಲ್ಲಿ ಮಾತ್ರ ನಿಜ ಹೇಳಿದೆ. “ಹೂಂ ಅವ್ವ. ನಕ್ಕೆ,” ಎಂದೆ.

ಅವಳು ಅಳಲಿಲ್ಲ. ಅಪ್ಪನ ಕಡೆ ತಿರುಗಿ, “ನಾ ಒಲ್ಲೆಪಾ,” ಎಂದಳು.

“ಯಾಕವ್ವ? ಸರ ಹೇಳಿ ಕೊಡ್ತೇನಿ ಅಂದಾರಲ್ಲ.”

“ಸರ ಹೇಳಿದ್ದ ಬರೀಬೇಕೋ, ಪುಸ್ತಕದಾಗಿಂದ ಬರೀಬೇಕೋ, ಯಾವುದು ಖರೆ ಅಂತ ನನಗ ಇನ್ನ ತಿಳಿಯೂದಿಲ್ಲ. ಬ್ಯಾಡ ಬಿಡು.” ಹೀಗೆಂದು ಕುಣಿಗೆ ಇಳಿದು ಕೂತಳು. ಸಂಗಪ್ಪ ಇನ್ನೂ ಎರಡು ಸಲ ಕೇಳಿದ. ಲಾಳಿಯ ಸಪ್ಪಳವೇ ಉತ್ತರ.

ಅವಳ ತಾಯಿ ಚಹಾ ತಂದಿಟ್ಟಳು. ಕುಡಿಯದೆ ಏಳುವುದು ಮರ್ಯಾದೆಯಲ್ಲವೆಂದು ಕುಡಿದೆ.

ಆಮೇಲೆ ಎರಡು ಸಲ ಹೋದೆ. ಎರಡು ಸಲವೂ ನೀರು ಕೊಟ್ಟಳು, ಆರಾಮ ಕೇಳಿದಳು, ಮಗ್ಗಕ್ಕೆ ಕೂತಳು. ಮರು ವರ್ಷ ಗುಳೇದಗುಡ್ಡಕ್ಕೆ ಮದುವೆಯಾಗಿ ಹೋದಳು. ಆ ನಾಲ್ವರು ಹುಡುಗಿಯರಲ್ಲಿ ಒಬ್ಬಳೂ ಶಾಲೆಗೆ ಮರಳಲಿಲ್ಲ. ನಾನು ವರ್ಗ ಮಾಡಿಸಿಕೊಂಡು ಬಾಗಲಕೋಟೆಗೆ ಬಂದೆ. ಅಲ್ಲಿ ಇತಿಹಾಸವನ್ನು ಪುಸ್ತಕದಲ್ಲಿದ್ದಂತೆ ಸಾಲು ಬಿಡದೆ ಓದಿಸಿದೆ. ಮಕ್ಕಳು ಆಕಳಿಸಿದರು, ಪಾಸಾದರು. ಯಾರೂ ನನಗೆ ಪ್ರಶ್ನೆ ಕೇಳಲಿಲ್ಲ, ಕೇಳುವಂತೆ ಕಲಿಸುವ ಧೈರ್ಯ ನನಗೂ ಉಳಿದಿರಲಿಲ್ಲ. ಮಾಸ್ತರಿಕೆಯೆಂದರೆ ಅಷ್ಟೇ ಆಯಿತು.

ಇಂಥ ಬರಹದ ಕೊನೆಗೆ ಏನು ಕಲಿತೆ ಎಂದು ಬರೆಯುತ್ತಾರೆ. ಕಲಿತದ್ದೇನೋ ಇದೆ, ಅದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ತಪ್ಪು ಒಪ್ಪಿಕೊಂಡ ಆ ದಿನ ಸಂಗಪ್ಪ ನನ್ನನ್ನು ಓಣಿಯ ತುದಿಯವರೆಗೆ ಕಳಿಸಲು ಬಂದಿದ್ದ. ಅಲ್ಲಿ ನಿಂತು ನನ್ನ ಕೈ ಹಿಡಿದು, “ಮನಸಿಗೆ ಹಚ್ಚಿಕೋಬ್ಯಾಡ್ರಿ ಸರ. ಆಕಿ ನಸೀಬ ಹಂಗಿತ್ತು,” ಎಂದು ನನ್ನನ್ನೇ ಸಮಾಧಾನ ಮಾಡಿದ. ನಸೀಬವಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹೌದೆನ್ನುವಂತೆ ತಲೆಯಾಡಿಸಿ ಬಂದೆ.